‘ಬೀಟ್ ತಪ್ಪಿಸಬೇಡಿ’ ಎಂಬ ಚೀಟಿಯ ಮೇಲೆ ತಪ್ಪಾಗಿ ಕೈಗೊಂಡ ಕ್ರಮದ ಬಗ್ಗೆ

ಇಲಾಖೆಯ ಕಚೇರಿ, ಕಾಡಂಚಿನ ಗಸ್ತು ವಿಭಾಗ
(ಮೊದಲ ಮಹಡಿ, ಕೆಟ್ಟಿರುವ ಝೆರಾಕ್ಸ್ ಯಂತ್ರದ ಹಿಂದೆ)

ಸಂಖ್ಯೆ: ಗಸ್ತು/ಬೀಟ್/ಗೊಂದಲ/47
ದಿನಾಂಕ: ಬುಧವಾರ, ಊಟದ ವಿರಾಮದ ನಂತರ

ಸುತ್ತೋಲೆ

ವಿಷಯ: ಹಳೇ ಮರದ ಡಿಪೋ ಹಿಂದಿನ ಕಾಡಿನಲ್ಲಿ ಕಳೆದ ಶನಿವಾರ ನಡೆದ ಎಲೆಕ್ಟ್ರಾನಿಕ್ ಸಂಗೀತೋತ್ಸವಕ್ಕೆ ಈ ವಿಭಾಗದ ಒಂಬತ್ತು ಮಂದಿ ಸಮವಸ್ತ್ರದಲ್ಲಿ ಹಾಜರಾದ ಬಗ್ಗೆ, ಹಾಗೂ ಅದು ಕಣ್ತಪ್ಪಿನಿಂದ ಆದದ್ದು ಎಂಬುದನ್ನು ಸಹಿದಾರರ ಮಗಳಿಗೆ ಯಾರೂ ಹೇಳದಿರುವ ಬಗ್ಗೆ.

ಉಲ್ಲೇಖ:
1) ಹಳದಿ ಕಾಗದದ ಒಂದು ಚೀಟಿ, ಕಳುಹಿಸಿದವರ ಹೆಸರಿಲ್ಲ, ಒಳಬರುವ ಪತ್ರಗಳ ವಹಿಯಲ್ಲಿ ಕ್ರಮಸಂಖ್ಯೆ 1163.
2) ಸದರಿ ಚೀಟಿಯ ಮೇಲೆ ಟಪಾಲು ಗುಮಾಸ್ತರ ಟಿಪ್ಪಣಿ.
3) ಸದರಿ ಟಿಪ್ಪಣಿಯ ಮೇಲೆ ಸಹಿದಾರರ ಸಹಿ.
4) ಸಹಿದಾರರು ಶನಿವಾರ ಮಧ್ಯಾಹ್ನ ತಮ್ಮ ಮಗಳಿಗೆ ಮೌಖಿಕವಾಗಿ ಹೇಳಿದ ‘ಹೂಂ’.

ಪ್ರಸ್ತಾವನೆ:

ಈ ಸುತ್ತೋಲೆಯ ಕೆಳಗೆ ಸಹಿ ಹಾಕಿರುವ ವಿಭಾಗದ ಅಧೀಕ್ಷಕರನ್ನು ಇನ್ನು ಮುಂದೆ ‘ಸಹಿದಾರರು’ ಎಂದು ಕರೆಯಲಾಗುವುದು. ಸಿಬ್ಬಂದಿ ಅವರನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಾರೆ ಎಂಬುದು ಅವರಿಗೆ ತಿಳಿದಿದ್ದು, ಅದನ್ನು ಇಲ್ಲಿ ದಾಖಲಿಸುವ ಅಗತ್ಯ ಕಂಡುಬಂದಿಲ್ಲ.

ಉಲ್ಲೇಖ (1)ರ ಚೀಟಿಯಲ್ಲಿ ಅಚ್ಚಾಗಿದ್ದ ಒಕ್ಕಣೆ ಹೀಗಿದೆ: “ಮರಗಳ ನಡುವೆ ಬೀಟ್. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆವರೆಗೆ. ಹಳೇ ಡಿಪೋ ಹಿಂದಿನ ಬಯಲು. ಬೀಟ್ ತಪ್ಪಿಸಬೇಡಿ.” ಈ ವಿಭಾಗದಲ್ಲಿ ಬೀಟ್ ಎಂದರೆ ಗಸ್ತು. ಗೊತ್ತುಪಡಿಸಿದ ದಾರಿಯಲ್ಲಿ ನಡೆದು, ಮರ ಎಷ್ಟಿವೆ ನೋಡಿ, ಪುಸ್ತಕದಲ್ಲಿ ಬರೆದು, ಮನೆಗೆ ಹೋಗುವುದು. ‘ಬೀಟ್ ತಪ್ಪಿಸಬೇಡಿ’ ಎಂಬ ವಾಕ್ಯವನ್ನು ಇಪ್ಪತ್ತೆರಡು ವರ್ಷಗಳಿಂದ ಜ್ಞಾಪನಗಳಲ್ಲಿ ಟೈಪು ಮಾಡುತ್ತಾ ಬಂದಿರುವ ಟಪಾಲು ಗುಮಾಸ್ತರು, ಅದನ್ನು ಬೇರೆ ಯಾರೋ ತಮಗೇ ಬರೆದು ಕಳುಹಿಸಿದ್ದನ್ನು ಕಂಡು ನೊಂದು, “ಹಳೇ ಡಿಪೋ ಹಿಂದೆ ಬೀಟ್ ತಪ್ಪುತ್ತಿರುವ ಬಗ್ಗೆ ಸಾರ್ವಜನಿಕರಿಂದ ದೂರು ಬಂದಿರುತ್ತದೆ, ಶನಿವಾರ ವಿಶೇಷ ಬೀಟ್ ಹಾಕಬಹುದು, ಆದೇಶಕ್ಕಾಗಿ ಮಂಡಿಸಿದೆ” ಎಂದು ಟಿಪ್ಪಣಿ ಬರೆದರು. ಸಹಿದಾರರು ಸಹಿ ಮಾಡಿದರು. ಓದಿದರೇ ಎಂಬ ಪ್ರಶ್ನೆ ಆಗ ಉದ್ಭವಿಸಲಿಲ್ಲ, ಯಾಕೆಂದರೆ ಈ ಕಚೇರಿಯಲ್ಲಿ ಆ ಪ್ರಶ್ನೆ ಯಾವತ್ತೂ ಉದ್ಭವಿಸಿದ್ದಿಲ್ಲ.

ಚೀಟಿ ಅಂಚೆಯಲ್ಲಿ ಬಂದದ್ದಲ್ಲ, ಸಹಿದಾರರು ಮನೆಗೆ ಒಯ್ದು ಗುರುವಾರ ವಾಪಸು ತಂದ ಕಡತಗಳ ನಡುವೆ ಸಿಕ್ಕಿದ್ದು ಎಂಬುದು ಆಮೇಲೆ ತಿಳಿದುಬಂದ ಸಂಗತಿ. ಕಾಗದ ಕಂಡರೆ ಮೊಹರು, ಮೊಹರು ಬಿದ್ದರೆ ಸಂಖ್ಯೆ, ಸಂಖ್ಯೆ ಬಿದ್ದರೆ ಕ್ರಮ. ಹೀಗೆಯೇ ನಡೆದುಕೊಂಡು ಬಂದಿದೆ.

ಶನಿವಾರ ಮಧ್ಯಾಹ್ನ ಮೂರು ದಾಟಿ ಐದು ನಿಮಿಷಕ್ಕೆ ಎರಡು ಜೀಪುಗಳಲ್ಲಿ ಸಹಿದಾರರೂ ಸೇರಿ ಒಂಬತ್ತು ಮಂದಿ ಲಾಠಿ, ಸೀಟಿ ಮತ್ತು ಬೀಟ್ ಪುಸ್ತಕ ಸಮೇತ ಸ್ಥಳ ತಲುಪಿದರು. ಸ್ಥಳದಲ್ಲಿ ಸುಮಾರು ಎಂಬತ್ತು ಮಂದಿ ಯುವಕ ಯುವತಿಯರು, ಬೀರುವಿನಷ್ಟು ಎತ್ತರದ ನಾಲ್ಕು ಸ್ಪೀಕರು, ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಟ್ಟೆ, ಹಲಗೆ ಹಾಸಿದ ಒಂದು ವೇದಿಕೆ, ವೇದಿಕೆಯ ಮೇಲೆ ತಂತಿ ಗೋಜಲಾದ ಒಂದು ಮೇಜು ಕಂಡುಬಂದವು. ಮೇಜಿನ ಹಿಂದೆ ಸಹಿದಾರರ ಮಗಳು ಕಂಡುಬಂದಳು. ಮುಂದಿನ ಜೀಪಿನಿಂದ ಯಾರು ಇಳಿದರೆಂಬುದನ್ನು ನೋಡಿ ಆಕೆ ಸಂಗೀತ ನಿಲ್ಲಿಸಿದಳು.

ಇಲ್ಲಿ ಒಂದು ಹಿನ್ನೆಲೆ ಅಗತ್ಯ. ಸಹಿದಾರರ ಮಗಳು ವಾರವಿಡೀ ಲಿಫ್ಟ್ ರಿಪೇರಿ ಕಂಪನಿಯಲ್ಲಿ ತಂತ್ರಜ್ಞೆ. ಉಳಿದ ವೇಳೆ ತನ್ನ ಕೋಣೆಯಲ್ಲಿ ಯಂತ್ರಗಳಿಂದ ಸಂಗೀತ ಮಾಡುತ್ತಾಳೆ. ಎಂಟು ತಿಂಗಳ ಹಿಂದೆ, ಒಂದು ಭಾನುವಾರ, ವಾರ್ಷಿಕ ಗಸ್ತಿನ ಗೋಷ್ವಾರೆ ತಯಾರಿಸುತ್ತಿದ್ದ ಸಹಿದಾರರು ಸದ್ದು ತಾಳಲಾರದೆ ಮನೆಯ ಮೇನ್ ಸ್ವಿಚ್ ಆರಿಸಿದರು. ಆಕೆಯ ಹನ್ನೊಂದು ಗಂಟೆಗಳ ಕೆಲಸ ಅಳಿಸಿಹೋಯಿತು. ಸಹಿದಾರರು ಅಷ್ಟಕ್ಕೇ ಬಿಡದೆ, “ಗಿರಣಿ ನಿಂತ ಹಾಗಾಯ್ತು, ಈಗ ತಣ್ಣಗಾಯ್ತು” ಎಂದರು. ಅಂದಿನಿಂದ ಮಗಳು ಸಹಿದಾರರನ್ನು ‘ಅಪ್ಪ’ ಎನ್ನುವುದನ್ನೂ ‘ನೀನು’ ಎನ್ನುವುದನ್ನೂ ಬಿಟ್ಟು, ತಾಯಿಯ ಮೂಲಕ “ಅವರಿಗೆ ಹೇಳು, ಗೀಸರ್ ಆನ್ ಇದೆ” ಎಂಬ ರೀತಿಯಲ್ಲಿ ವ್ಯವಹರಿಸಿದಳು. ಎಂಟು ತಿಂಗಳು ಸಹಿದಾರರು ಸ್ವಂತ ಮನೆಯಲ್ಲಿ ಬಹುವಚನದಲ್ಲಿ ಬದುಕಿರುತ್ತಾರೆ. ಕಚೇರಿಯಲ್ಲಿ ಬಹುವಚನ ಕೇಳಿಸಿಕೊಂಡು ಹಿಗ್ಗುವ ಮನುಷ್ಯನಿಗೆ ಅದು ಮನೆಯಲ್ಲಿ ಎಷ್ಟು ಚುಚ್ಚುತ್ತದೆ ಎಂಬುದು ಅನುಭವಕ್ಕೆ ಬಂದಿದೆ.

ಶನಿವಾರ ಮಗಳು ಮೈಕಿನಲ್ಲಿ, ಎಂಬತ್ತು ಮಂದಿಗೂ ಇಲಾಖೆಗೂ ಕೇಳುವಂತೆ, “ಅಪ್ಪ, ಕೇಳಕ್ಕೆ ಬಂದ್ಯಾ, ನಿಲ್ಸಕ್ಕೆ ಬಂದ್ಯಾ?” ಎಂದು ಕೇಳಿರುತ್ತಾಳೆ.

ಸಹಿದಾರರು ಎರಡಕ್ಕೂ ಬಂದಿರಲಿಲ್ಲ. ಇಕ್ಕಟ್ಟಿನಲ್ಲಿ ಮೂವತ್ತು ವರ್ಷಗಳಿಂದ ಏನು ಮಾಡುತ್ತಾ ಬಂದಿದ್ದಾರೋ ಅದನ್ನೇ ಮಾಡಿದರು: ಬೀಟ್ ಪುಸ್ತಕ ತೆರೆದು, “ಬೀಟ್ ಪರಿಶೀಲಿಸಲಾಯಿತು. ಮುಂದುವರಿಸಬಹುದು” ಎಂದು ಷರಾ ಬರೆದು, ಸಹಿ ಹಾಕಿ, ಹಿರಿಯ ಕಾವಲುಗಾರರ (ಇಲಾಖೆಯಲ್ಲಿ ‘ಮೀಸೆ’ ಎಂದೇ ಪರಿಚಿತರು) ಕೈಯಲ್ಲಿ ವೇದಿಕೆಗೆ ಕಳುಹಿಸಿದರು. ಮೀಸೆಯವರು ಅದನ್ನು ಮೈಕಿನಲ್ಲಿ, ದಿನಾಂಕ ಸಮೇತ, ಗಟ್ಟಿಯಾಗಿ ಓದಿದರು. ಎಂಬತ್ತು ಮಂದಿ ಕೇಕೆ ಹಾಕಿದರು. ಈ ಇಲಾಖೆಯ ಷರಾ ಒಂದಕ್ಕೆ ಚಪ್ಪಾಳೆ ಬಿದ್ದದ್ದು ಇದೇ ಮೊದಲು.

ಮಗಳು ಈಗ ತಂದೆ ತನಗೋಸ್ಕರವೇ ಬಂದರು, ಸಾಲದ್ದಕ್ಕೆ ಕಚೇರಿಯನ್ನೇ ಕರೆದುಕೊಂಡು ಬಂದರು ಎಂದು ನಂಬಿರುತ್ತಾಳೆ. ಶನಿವಾರದಿಂದ ಮನೆಯಲ್ಲಿ ಏಕವಚನ ಮರುಜಾರಿಯಾಗಿದೆ. ಸದರಿ ಏಕವಚನಕ್ಕೆ ಧಕ್ಕೆ ಬಾರದಂತೆ ನೋಡಿಕೊಳ್ಳುವುದೇ ಈ ಸುತ್ತೋಲೆಯ ಉದ್ದೇಶ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ‘ಬೀಟ್’ ಎಂಬ ಪದವಿರುವ ಯಾವುದೇ ಕಾಗದ ಬಂದಲ್ಲಿ, ಅದು ಕಾಲಿನ ಬೀಟೋ ಕಿವಿಯ ಬೀಟೋ ಎಂಬುದನ್ನು ಟಪಾಲು ವಿಭಾಗ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಕಾಲು ಎರಡರಲ್ಲೂ ಬಳಕೆಯಾಗುತ್ತದೆ ಎಂದು ಟಪಾಲು ಗುಮಾಸ್ತರು ಲಿಖಿತವಾಗಿ ವಾದಿಸಿದ್ದು, ವಾದವನ್ನು ಗಮನಿಸಲಾಗಿದೆ, ಒಪ್ಪಲಾಗಿಲ್ಲ. ಇತರ ಪದಗಳ ಅರ್ಥ ಹೀಗಿದೆ:

(ಅ) ‘ಸೆಟ್’ ಎಂದರೆ ಒಬ್ಬರು ಒಂದು ಗಂಟೆ ನುಡಿಸುವುದು. ಸಮವಸ್ತ್ರದ ಸೆಟ್ ಅಲ್ಲ. “ಮುಂದಿನ ಸೆಟ್ ಯಾರದ್ದು?” ಎಂದು ಕೇಳಿದ ಹುಡುಗಿಗೆ “ನಂದು, ಸೊಂಟ ನಲವತ್ತು” ಎಂದ ಜೀಪು ಚಾಲಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

(ಆ) ‘ಟ್ರ್ಯಾಕ್’ ಎಂದರೆ ಹಾಡು. ಹೊಸ ಟ್ರ್ಯಾಕ್ ಬರುತ್ತಿದೆ ಎಂದು ವೇದಿಕೆಯಿಂದ ಘೋಷಣೆಯಾದಾಗ ಪ್ರಾಣಿಯ ಹೆಜ್ಜೆಗಾಗಿ ಬಗ್ಗಿ ನೆಲ ನೋಡತಕ್ಕದ್ದಲ್ಲ. ಬಗ್ಗಿದವರ ಮೇಲೆ ಹಿಂದಿನವರು ಎಡವಿರುತ್ತಾರೆ.

(ಇ) ‘ಡ್ರಾಪ್’ ಎಂದರೆ ಸದ್ದು ಏರುತ್ತಾ ಏರುತ್ತಾ ಹೋಗಿ, ತಟ್ಟನೆ ನಿಂತು, ಎಲ್ಲರೂ ಬಾಯಿ ತೆರೆದು ಕಾಯುವಂತೆ ಮಾಡಿ, ಮತ್ತೆ ಧೊಪ್ಪನೆ ಬೀಳುವುದು. ಇದು ವಿದ್ಯುತ್ ವ್ಯತ್ಯಯವಲ್ಲ. ಮೊದಲ ಡ್ರಾಪಿನಲ್ಲಿ ಸ್ಪ್ಯಾನರ್ ಹುಡುಕಿ, ನಾಲ್ಕನೆಯ ಡ್ರಾಪಿನ ಹೊತ್ತಿಗೆ ಜೀಪಿನ ಬ್ಯಾಟರಿ ಬಿಚ್ಚಿಕೊಂಡು ವೇದಿಕೆಯತ್ತ ಓಡಿದ ಅದೇ ಚಾಲಕರ ಕರ್ತವ್ಯಪ್ರಜ್ಞೆಯನ್ನು ಶ್ಲಾಘಿಸಲಾಗಿದೆ. ವಾಪಸು ಬರುವಾಗ ಜೀಪನ್ನು ಎಂಟು ಮಂದಿ ತಳ್ಳಿದ್ದನ್ನು ಶ್ಲಾಘಿಸಲಾಗಿಲ್ಲ.

2. ಪ್ರವೇಶದ ಬಳಿ ಕೈಗೆ ಕಟ್ಟುವ ಕಾಗದದ ಪಟ್ಟಿಯನ್ನು ಸೋಮವಾರವೂ ಕಟ್ಟಿಕೊಂಡು ಕಚೇರಿಗೆ ಬರತಕ್ಕದ್ದಲ್ಲ. ಸಹಿದಾರರ ಪಟ್ಟಿ ಅಂಟಿಕೊಂಡಿದ್ದು ಬಿಚ್ಚಲು ಬರುತ್ತಿಲ್ಲವಾದ್ದರಿಂದ ಅವರಿಗೆ ಈ ಕಂಡಿಕೆಯಿಂದ ವಿನಾಯಿತಿ ನೀಡಲಾಗಿದೆ. ಕತ್ತರಿ ಮೇಜಿನ ಮೇಲೆಯೇ ಇದೆ ಎಂಬ ಆಕ್ಷೇಪಣೆಯನ್ನು ಪರಿಗಣಿಸಲಾಗುವುದಿಲ್ಲ.

3. ಅದೇ ಸ್ಥಳದಲ್ಲಿ ಹಂಚುವ ಕಿತ್ತಳೆ ಬಣ್ಣದ ಮೆತ್ತನೆಯ ಪುಟ್ಟ ಬಿರಡೆಗಳು ಕಿವಿಗೆ ಇಟ್ಟುಕೊಳ್ಳುವಂಥವು, ತಿನ್ನುವಂಥವಲ್ಲ. ಅಗಿದ ಇಬ್ಬರ ಹೆಸರನ್ನು ಅವರ ಮಕ್ಕಳ ಭವಿಷ್ಯದ ದೃಷ್ಟಿಯಿಂದ ಇಲ್ಲಿ ಹಾಕಿಲ್ಲ.

4. ಸಂಗೀತ ಮತ್ತೆ ಶುರುವಾದ ಕೂಡಲೇ ಎಂಬತ್ತು ಮಂದಿ ಒಟ್ಟಿಗೆ ಎರಡೂ ಕೈ ಮೇಲೆತ್ತಿದರು. ಇದನ್ನು ಶರಣಾಗತಿ ಎಂದು ಭಾವಿಸಿ ಮೀಸೆಯವರು ಮಹಜರು ಬರೆಯಲು ಆರಂಭಿಸಿ, ಪಂಚರಾಗಿ ಸಹಿ ಹಾಕಲು ಇಬ್ಬರು ನರ್ತಕರನ್ನು ಕರೆದಿರುತ್ತಾರೆ. ಅವರು ಕುಣಿಯುತ್ತಲೇ ಸಹಿ ಹಾಕಿರುವುದರಿಂದ ಸಹಿಗಳು ಪುಟ ದಾಟಿ ಮೀಸೆಯವರ ಅಂಗೈಯ ಮೇಲೂ ಮುಂದುವರಿದಿವೆ. ಇನ್ನು ಮುಂದೆ ಕೈ ಎತ್ತಿದವರನ್ನೆಲ್ಲ ಶರಣಾದವರೆಂದು ತಿಳಿಯತಕ್ಕದ್ದಲ್ಲ. ಕೈ ಎತ್ತಿದ ಸಿಬ್ಬಂದಿ ಮಾತ್ರ, ಯಾವುದಕ್ಕೆ ಶರಣಾದರೆಂಬುದನ್ನು ಮೂರು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.

5. ಹೊಗೆಯ ವಿಚಾರ. ವೇದಿಕೆಯ ಎಡಮೂಲೆಯಿಂದ ಬಿಳಿ ಹೊಗೆ ಎದ್ದಾಗ, ಬೆಂಕಿ ತರಬೇತಿ ಪಡೆದ ಇಬ್ಬರು ಕಾವಲುಗಾರರು ಬಿದ್ದಿದ್ದ ಸೊಪ್ಪಿನ ಕೊಂಬೆಗಳನ್ನು ಎತ್ತಿಕೊಂಡು ನಿಯಮಾನುಸಾರ ನೆಲ ಬಡಿಯುತ್ತಾ ಮುನ್ನುಗ್ಗಿದರು. ನೆರೆದವರು ಇದನ್ನು ಕುಣಿತದ ಒಂದು ಪಟ್ಟು ಎಂದು ತಿಳಿದು, ತಾವೂ ತಲಾ ಒಂದೊಂದು ಕೊಂಬೆ ಹಿಡಿದು ಬಡಿಯತೊಡಗಿದರು. ಹತ್ತು ನಿಮಿಷ ಕಾಲ ಇಡೀ ಬಯಲು ಇಲ್ಲದ ಬೆಂಕಿಯನ್ನು ಆರಿಸಿತು. ಹೊಗೆ ಯಂತ್ರದಿಂದ ಬಂದದ್ದೆಂದು ಯಂತ್ರದ ಮಾಲೀಕರು ಯಂತ್ರದ ಮೇಲೆ ಅಡ್ಡ ಮಲಗಿ ಸಾರಿ ಹೇಳಿದ ನಂತರವೇ ಕಾರ್ಯಾಚರಣೆ ನಿಂತಿತು. ಆದಾಗ್ಯೂ, ಇಲಾಖೆಯ ಬೆಂಕಿ ತರಬೇತಿಗೆ ಇದುವರೆಗೆ ಆರು ಮಂದಿಗಿಂತ ಹೆಚ್ಚು ಬಂದದ್ದಿಲ್ಲವಾದ್ದರಿಂದ, ಮುಂದಿನ ತರಬೇತಿಗೆ ಸ್ಪೀಕರು ಬಳಸುವ ಪ್ರಸ್ತಾವನೆಯನ್ನು ಪರಿಶೀಲಿಸಲಾಗುತ್ತಿದೆ.

6. ಮೊಹರಿನ ಸದ್ದಿನ ಅನಧಿಕೃತ ಬಳಕೆ. ಮಗಳು ಮೂರೂವರೆ ಗಂಟೆಗೆ ನುಡಿಸಿದ ಹೊಸ ಟ್ರ್ಯಾಕಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಬೀಟುಗಳನ್ನು ನಾಲ್ಕರ ಲೆಕ್ಕದಲ್ಲಿ ಎಣಿಸುವುದು ವಾಡಿಕೆಯಂತೆ. ಈ ಟ್ರ್ಯಾಕು ಮೂರರ ಲೆಕ್ಕದಲ್ಲಿತ್ತು. ಒಂದು ಮೆತ್ತನೆಯ ಏಟು, ಒಂದು ಒಣ ಏಟು, ಆಮೇಲೆ ಒಂದು ಭಾರಿ ಏಟು. ನಾಲ್ಕಕ್ಕೆ ಒಗ್ಗಿದ ಎಂಬತ್ತು ಮಂದಿಯೂ ತಡವರಿಸಿ, ಒಬ್ಬರ ಕಾಲು ಒಬ್ಬರು ತುಳಿದು, ನಗುತ್ತಾ ನಿಂತುಬಿಟ್ಟರು. ತಡವರಿಸದೆ ಇದ್ದವರು ಖಾಕಿ ತೊಟ್ಟ ಎಂಟು ಮಂದಿ ಮಾತ್ರ. ಅವರ ಭುಜ, ಮೊಣಕಾಲು, ಬೂಟು ಎಲ್ಲವೂ ಹುಟ್ಟಿನಿಂದ ಕಲಿತ ಹಾಗೆ ಸರಿಯಾದ ಜಾಗಕ್ಕೆ ಬೀಳುತ್ತಿದ್ದವು. ಇದಕ್ಕೆ ಕಾರಣವನ್ನು ಟಪಾಲು ಗುಮಾಸ್ತರು ಮೊದಲು ಕಂಡುಹಿಡಿದು, ಸಹಿದಾರರ ಕಿವಿಯಲ್ಲಿ “ಸಾರ್, ಇದು ನಿಮ್ಮ ಮೊಹರು” ಎಂದರು.

ಸಹಿದಾರರು ಮೊಹರನ್ನು ಮೂರು ಸಲ ಒತ್ತುತ್ತಾರೆ. ಮೊದಲು ಶಾಯಿಯ ಪ್ಯಾಡಿಗೆ, ನಂತರ ಮಸಿ ಹೆಚ್ಚಾಯಿತೇ ನೋಡಲು ಹಳೆಯ ವೃತ್ತಪತ್ರಿಕೆಗೆ, ಕೊನೆಗೆ ಕಡತಕ್ಕೆ. ಕಚೇರಿಯಲ್ಲಿ ದಿನವಿಡೀ ಇದೇ ಸದ್ದು. ಭಾನುವಾರ ಮನೆಯ ಊಟದ ಮೇಜಿನ ಮೇಲೂ ಇದೇ ಸದ್ದು. ಮಗಳು ಗೋಡೆಯ ಆ ಕಡೆಯಿಂದ ಅದನ್ನು ಯಾವಾಗಲೋ ರೆಕಾರ್ಡ್ ಮಾಡಿಕೊಂಡಿರುತ್ತಾಳೆ. ಊಟದ ಮೇಜಿನ ಮುಂದೆ ಕೂತು ಆಕೆಯ ಸದ್ದನ್ನು ಗಿರಣಿ ಎಂದವರ ಸದ್ದನ್ನು ಆಕೆ ತನ್ನ ಕೋಣೆಯಲ್ಲಿ ಕೂತು ಹಾಡು ಮಾಡಿರುತ್ತಾಳೆ. ಇಲಾಖೆಯ ಮೊಹರಿನ ಸದ್ದನ್ನು ಪೂರ್ವಾನುಮತಿಯಿಲ್ಲದೆ ಬಳಸುವುದು ನಿಯಮಬಾಹಿರವೇ ಎಂದು ನಿಯಮಾವಳಿಯ ಮೂರು ಸಂಪುಟಗಳನ್ನೂ ತಿರುವಿ ನೋಡಲಾಗಿದ್ದು, ಸದ್ದಿನ ಬಗ್ಗೆ ಏನೂ ಹೇಳಿಲ್ಲ. ಸಹಿದಾರರು ಆ ಹೊತ್ತಿನಲ್ಲಿ ಕರವಸ್ತ್ರ ತೆಗೆದದ್ದು ಹೊಗೆಯಿಂದಾಗಿ ಎಂದು ಅವರು ಸಿಬ್ಬಂದಿಗೆ ತಿಳಿಸಿದ್ದರು. ಹೊಗೆ ಯಂತ್ರ ಆಗ ಆಫ್ ಆಗಿತ್ತು.

7. ಕುಣಿತದ ಶ್ರೇಣಿ. ಮೇಲ್ಕಂಡ ಟ್ರ್ಯಾಕಿಗೆ ಸಿಬ್ಬಂದಿ ಕುಣಿದ ರೀತಿಯಲ್ಲಿ ಹುದ್ದೆಯ ಘನತೆ ಉಳಿದಿಲ್ಲವಾದ್ದರಿಂದ, ಇನ್ನು ಮುಂದೆ:

(ಅ) ಕಾವಲುಗಾರರು ಮತ್ತು ಚಾಲಕರು ಇಡೀ ದೇಹವನ್ನು ಬಳಸಬಹುದು. ಲಾಠಿಯನ್ನು ಬಳಸುವಂತಿಲ್ಲ.

(ಆ) ಗುಮಾಸ್ತರು ಸೊಂಟದಿಂದ ಮೇಲಕ್ಕೆ ಮಾತ್ರ. ಟಪಾಲು ಗುಮಾಸ್ತರಿಗೆ ಬೆನ್ನುನೋವಿರುವ ಕಾರಣ ವೈದ್ಯಕೀಯ ಪ್ರಮಾಣಪತ್ರ ಹಾಜರುಪಡಿಸಿದಲ್ಲಿ ಸೊಂಟದಿಂದ ಕೆಳಕ್ಕೂ ಅವಕಾಶ ಕಲ್ಪಿಸಲಾಗುವುದು.

(ಇ) ಅಧೀಕ್ಷಕರು ತಲೆಯನ್ನು ಮಾತ್ರ ಆಡಿಸಬಹುದು. ಅದೂ, ನೋಡಿದವರಿಗೆ ಯಾವುದೋ ಪ್ರಸ್ತಾವನೆಗೆ ಒಪ್ಪಿಗೆ ಕೊಡುತ್ತಿದ್ದಾರೆ ಎನಿಸುವಷ್ಟು. ಸಹಿದಾರರು ಮೊದಲ ಐದು ನಿಮಿಷ ಈ ಮಿತಿಯೊಳಗೇ ಇದ್ದರು. ನಂತರ ಎಡಗಾಲು ತಾನಾಗಿ ನೆಲ ಕುಟ್ಟಿತು. ಅದನ್ನು ಅಡಗಿಸಲು ಬಲಗಾಲು ಮುಂದಿಟ್ಟಾಗ ಅದು ಹೆಜ್ಜೆಯಾಯಿತು. ಅದನ್ನು ಸರಿಪಡಿಸಲು ಹಿಂದೆ ಇಟ್ಟಾಗ ಇನ್ನೊಂದು ಹೆಜ್ಜೆಯಾಯಿತು. ಮುಂದಿನ ಇಪ್ಪತ್ತು ನಿಮಿಷ ಸಹಿದಾರರು ಸರಿಪಡಿಸುತ್ತಲೇ ಇದ್ದರು. ಇದರ ವಿಡಿಯೋ ಇಟ್ಟು­ಕೊಂಡಿರುವ ಸಿಬ್ಬಂದಿ ಅದನ್ನು ಅಳಿಸತಕ್ಕದ್ದು. ಅಳಿಸುವ ಮುನ್ನ ಒಂದು ಪ್ರತಿಯನ್ನು ಸಹಿದಾರರ ಫೋನಿಗೆ ಕಳುಹಿಸತಕ್ಕದ್ದು.

(ಈ) ಎಲ್ಲ ಕುಣಿತವನ್ನೂ ಚಲನವಲನ ವಹಿಯಲ್ಲಿ, ಹೊರಟ ಜಾಗ ಮತ್ತು ತಲುಪಿದ ಜಾಗ ಸಮೇತ, ನಮೂದಿಸತಕ್ಕದ್ದು. ಎರಡೂ ಒಂದೇ ಆಗಿದ್ದಲ್ಲಿ ‘ಕುಣಿದೆ’ ಎಂದು ಒಂದೇ ಪದ ಬರೆದರೆ ಸಾಕು.

8. ‘ಹೂಂ’ ಬಗ್ಗೆ. ತನ್ನ ಸೆಟ್ ಮುಗಿಸಿದ ಮಗಳು ವೇದಿಕೆಯಿಂದ ಹಾರಿ, ತಂತಿ ಎಡವಿ, ಸಹಿದಾರರ ಬಳಿ ಓಡಿಬಂದು, ಏದುಸಿರು ಬಿಡುತ್ತಾ, “ಚೀಟಿ ಓದಿದ್ಯಾ ಅಪ್ಪ?” ಎಂದು ಕೇಳಿದಳು. ಯಾವ ಚೀಟಿ ಎಂಬುದು ಸಹಿದಾರರಿಗೆ ಗೊತ್ತಿರಲಿಲ್ಲ. ಆಕೆಯ ಮುಖದಲ್ಲಿ ಇದ್ದದ್ದನ್ನು ನೋಡಿದ ಯಾರಿಗೂ ‘ಯಾವ ಚೀಟಿ?’ ಎಂದು ಕೇಳುವ ಬುದ್ಧಿ ಬರುತ್ತಿರಲಿಲ್ಲ. ಸಹಿದಾರರು “ಹೂಂ” ಎಂದರು. ಮಗಳು ಅವರ ಖಾಕಿ ತೋಳನ್ನು ಹಿಡಿದುಕೊಂಡು ಮುಂದಿನ ಸೆಟ್ ಮುಗಿಯುವವರೆಗೂ ಬಿಡಲಿಲ್ಲ.

ಸದರಿ ‘ಹೂಂ’ ಸುಳ್ಳಾಗಿತ್ತು ಎಂದು ಈ ಮೂಲಕ ದಾಖಲಿಸಲಾಗಿದೆ.

9. ಮೇಲಿನ ಕಾರಣಗಳಿಂದ, ಮಗಳು ಕಚೇರಿಗೆ ಬಂದಾಗ ಅಥವಾ ದಾರಿಯಲ್ಲಿ ಸಿಕ್ಕಾಗ, ಸಿಬ್ಬಂದಿ ಈ ಕೆಳಗಿನಂತೆ ಮಾತ್ರ ಮಾತಾಡತಕ್ಕದ್ದು. “ಅಪ್ಪ ಆಫೀಸ್‌ನಲ್ಲಿ ನನ್ನ ಬಗ್ಗೆ ಹೇಳ್ತಾರಾ?” ಎಂದು ಕೇಳಿದಲ್ಲಿ, “ದಿನಾ ಹೇಳ್ತಾರಮ್ಮ” ಎನ್ನತಕ್ಕದ್ದು. “ನಿಮ್ಮನ್ನೆಲ್ಲ ಅವರೇ ಕರ್ಕೊಂಡು ಬಂದ್ರಾ?” ಎಂದು ಕೇಳಿದಲ್ಲಿ, ಹೌದು ಎನ್ನತಕ್ಕದ್ದು, ಇದು ತಾಂತ್ರಿಕವಾಗಿ ನಿಜ, ಆದೇಶ ಅವರದ್ದೇ. ‘ದೂರು’, ‘ಟಿಪ್ಪಣಿ’, ‘1163’ ಎಂಬ ಪದಗಳನ್ನು ಆಕೆಯ ಎದುರು ಉಚ್ಚರಿಸತಕ್ಕದ್ದಲ್ಲ. ಸುಳ್ಳು ಹೇಳುವಾಗ ಕಿವಿ ಕೆಂಪಾಗುವ ಮೀಸೆಯವರು ಆಕೆ ಬಂದರೆ ದಾಸ್ತಾನು ಕೋಣೆಗೆ ಹೋಗತಕ್ಕದ್ದು, ಮತ್ತು ಅಲ್ಲಿ ಕೆಲಸವಿದ್ದಂತೆ ಸದ್ದು ಮಾಡುತ್ತಿರತಕ್ಕದ್ದು.

10. ಮೇಲಿನ ಒಂಬತ್ತು ಕಂಡಿಕೆಗಳ ಕರಡು ಸೋಮವಾರ ಬೆಳಿಗ್ಗೆ ಸಿದ್ಧವಾಯಿತು. ಅದಕ್ಕೆ ಲಗತ್ತಿಸಲು ಮೂಲ ಚೀಟಿಯನ್ನು ಕಡತದಿಂದ ತರಿಸಲಾಯಿತು. ಟಪಾಲು ಗುಮಾಸ್ತರು ಅದನ್ನು ಬಿಡಿಸಿ ಕೊಡುವಾಗ ಹಿಂಬದಿ ಮೇಲಾಗಿ ಬಂತು. ಹಿಂಬದಿಯಲ್ಲಿ ನೀಲಿ ಪೆನ್ನಿನ ಕೈಬರಹವಿತ್ತು. ಬರುವ ಪತ್ರಗಳ ಹಿಂಬದಿ ನೋಡುವ ಪದ್ಧತಿ ಈ ಕಚೇರಿಯಲ್ಲಿ ಇಲ್ಲ. ಒಕ್ಕಣೆ ಹೀಗಿದೆ:

“ಅಪ್ಪ, ಮೂರು ಗಂಟೆಗೆ ನಂದು ಇದೆ. ನೀನು ಬರಲ್ಲ ಅಂತ ಗೊತ್ತು. ಬರದಿದ್ರೂ ಪರವಾಗಿಲ್ಲ. ಇದನ್ನ ಓದಿದ್ಯಲ್ಲ, ಅಷ್ಟು ಸಾಕು.”

ಕಡತಕ್ಕೆ ಪೋಣಿಸುವಾಗ ಹೊಡೆದ ತೂತು ‘ಅಪ್ಪ’ ಎಂಬ ಪದದ ಮೇಲೆ ಬಿದ್ದು, ‘ಅ’ ಮಾತ್ರ ಪೂರ್ತಿ ಉಳಿದಿದೆ.

11. ಆದುದರಿಂದ ಸ್ಪಷ್ಟಪಡಿಸುವುದೇನೆಂದರೆ, ಎಂಟು ತಿಂಗಳ ನಂತರದ ಮೊದಲ ಏಕವಚನ ಬಂದದ್ದು ಮೈಕಿನಲ್ಲಲ್ಲ. ಅದು ಎರಡು ದಿನ ಮೊದಲೇ, ಸಹಿದಾರರ ಚೀಲದಲ್ಲಿ, ಕೈಬರಹದಲ್ಲಿ ಬಂದಿತ್ತು. ಅದಕ್ಕೆ ಕ್ರಮಸಂಖ್ಯೆ ಕೊಟ್ಟು, ತೂತು ಹೊಡೆದು, ಕಡತದಲ್ಲಿ ಇಡಲಾಗಿತ್ತು. ಆಕೆ ಬರಲು ಹೇಳಿರಲಿಲ್ಲ, ಓದಲು ಹೇಳಿದ್ದಳು. ಸಹಿದಾರರು ಎರಡು ಜೀಪು, ಎಂಟು ಸಿಬ್ಬಂದಿ, ಒಂದು ಬೀಟ್ ಪುಸ್ತಕ ಸಮೇತ ಹೋದರು; ಆಕೆ ಕೇಳಿದ್ದನ್ನು ಮಾತ್ರ ಮಾಡಿರಲಿಲ್ಲ.

ಮಂಗಳವಾರ ಧೈರ್ಯದ ಕೊರತೆಯಿಂದ ಯಾವುದೇ ಕ್ರಮ ಕೈಗೊಂಡಿರುವುದಿಲ್ಲ. ಅಂದು ಬೆಳಿಗ್ಗೆ ಮಗಳು ತಿಂಡಿ ತಿನ್ನುತ್ತಾ ಲಿಫ್ಟ್ ಕಂಪನಿಯ ಗೆಳತಿಗೆ ಫೋನಿನಲ್ಲಿ, “ಚೀಟಿ ಓದಿ ಬಂದಿದ್ದಾನೆ ಕಣೇ ನಮ್ಮಪ್ಪ” ಎಂದು ಹೇಳಿದ್ದನ್ನು ಸಹಿದಾರರು ಕೇಳಿಸಿಕೊಂಡು, ಶೂ ಹಾಕಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಕೂತಿದ್ದರು. ಈ ಸುತ್ತೋಲೆಯ ಕರಡನ್ನು ಸಂಜೆ ಪತ್ನಿಯವರಿಗೆ ತೋರಿಸಿದಾಗ ಅವರು ಕಂಡಿಕೆ 9ರವರೆಗೆ ಓದಿ, ಕನ್ನಡಕ ತೆಗೆದು, “ಬಾಯಿ ಮುಚ್ಕೊಂಡಿರಿ ಅಂತ ಒಂಬತ್ತು ಜನಕ್ಕೆ ಕಾಗದ ಬರೀತೀರಿ. ಒಬ್ಬಳಿಗೆ ಬಾಯಿ ಬಿಟ್ಟು ಹೇಳಕ್ಕಾಗಲ್ವಾ?” ಎಂದಿರುತ್ತಾರೆ. ಒಂಬತ್ತರಲ್ಲಿ ಸಹಿದಾರರೂ ಒಬ್ಬರೆಂದು, ಬರೆದದ್ದು ಎಂಟೇ ಜನಕ್ಕೆ ಎಂದು ಸಹಿದಾರರು ತಿದ್ದಲು ಹೋದರು. ಪತ್ನಿಯವರು ದೀಪ ಆರಿಸಿದರು.

12. ಕಂಡಿಕೆ 9ನ್ನು ಈ ಮೂಲಕ ರದ್ದುಪಡಿಸಲಾಗಿದೆ. ವಿಷಯ ಸಾಲಿನ ಕೊನೆಯ ಭಾಗವನ್ನೂ ಹೊಡೆದುಹಾಕತಕ್ಕದ್ದು. ಮೊದಲ ಒಂಬತ್ತು ಕಂಡಿಕೆಗಳು ಈಗಾಗಲೇ ಟೈಪಾಗಿರುವುದರಿಂದ ಮತ್ತು ಟೈಪಿಸ್ಟ್ ರಜೆಯಲ್ಲಿರುವುದರಿಂದ, ಓದುವವರು ತಮ್ಮ ತಮ್ಮ ಪ್ರತಿಯಲ್ಲಿ ಪೆನ್ನಿನಿಂದ ಗೀಟು ಎಳೆದುಕೊಳ್ಳತಕ್ಕದ್ದು. ಮೀಸೆಯವರು ದಾಸ್ತಾನು ಕೋಣೆಗೆ ಹೋಗಬೇಕಾಗಿಲ್ಲ. ಮಗಳು ಏನೇ ಕೇಳಿದರೂ ಸಿಬ್ಬಂದಿ ನಡೆದದ್ದನ್ನು ನಡೆದ ಹಾಗೆ ಹೇಳತಕ್ಕದ್ದು. ಆಮೇಲೆ ಆಕೆ ಮತ್ತೆ ಬಹುವಚನಕ್ಕೆ ಹೋದಲ್ಲಿ ಅದರ ಹೊಣೆ ಸಿಬ್ಬಂದಿಯದ್ದಲ್ಲ. ಸಹಿದಾರರಿಗೆ ಭಯವಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

13. ಇನ್ನು ಮುಂದೆ ಈ ಕಚೇರಿಗೆ ಬರುವ ಪ್ರತಿಯೊಂದು ಕಾಗದದ ಎರಡೂ ಬದಿಯನ್ನು ಓದತಕ್ಕದ್ದು. ಓದದೆ ಸಹಿ ಹಾಕುವವರು ಸಹಿಯ ಪಕ್ಕದಲ್ಲಿ ‘ಓದಿಲ್ಲ’ ಎಂದು ಬರೆಯತಕ್ಕದ್ದು. ಈ ನಿಯಮ ಜಾರಿಗೆ ಬಂದರೆ ಕಚೇರಿಯ ಕೆಲಸ ಪೂರ್ತಿ ನಿಂತುಹೋಗುತ್ತದೆ ಎಂದು ಟಪಾಲು ಗುಮಾಸ್ತರು ಎಚ್ಚರಿಸಿದ್ದಾರೆ. ನಿಲ್ಲಲಿ.

14. ಮುಂದಿನ ವರ್ಷದ ಉತ್ಸವಕ್ಕೆ ಹೋಗಲಿಚ್ಛಿಸುವ ಸಿಬ್ಬಂದಿ ಸಾಂದರ್ಭಿಕ ರಜೆ ಹಾಕಿ, ಸ್ವಂತ ಬಟ್ಟೆಯಲ್ಲಿ, ಬಸ್ಸಿನಲ್ಲಿ ಹೋಗತಕ್ಕದ್ದು. ಎಂಟೂ ಅರ್ಜಿಗಳು ಈಗಾಗಲೇ ಬಂದಿದ್ದು, ಎಂಟನ್ನೂ ಓದಿ ಮಂಜೂರು ಮಾಡಲಾಗಿದೆ. ಸಹಿದಾರರು ತಮ್ಮ ಅರ್ಜಿಯನ್ನು ಬರೆದಿಟ್ಟುಕೊಂಡಿದ್ದಾರೆ. ಅದನ್ನು ಮಂಜೂರು ಮಾಡುವ ಅಧಿಕಾರ ಈ ಇಲಾಖೆಗೆ ಇಲ್ಲ.

(ಸಹಿ)
ಅಧೀಕ್ಷಕರು,
ಕಾಡಂಚಿನ ಗಸ್ತು ವಿಭಾಗ
(ಮೊಹರು ಇನ್ನೂ ಹಾಕಿಲ್ಲ)

ಪ್ರತಿಗಳು:

1) ಟಪಾಲು ಗುಮಾಸ್ತರಿಗೆ, ವಹಿಯಲ್ಲಿ 1163ರ ಎದುರು ‘ದೂರು’ ಎಂದಿರುವುದನ್ನು ಹೊಡೆದು ‘ಸ್ವಂತದ್ದು’ ಎಂದು ತಿದ್ದಲು ಸೂಚಿಸಿ.

2) ಮೀಸೆಯವರಿಗೆ, ಅಂಗೈಯ ಮೇಲಿನ ಪಂಚರ ಸಹಿಯನ್ನು ಇನ್ನಾದರೂ ತೊಳೆದುಕೊಳ್ಳಲು ಕೋರಿ.

3) ಜೀಪು ಚಾಲಕರಿಗೆ, ಬ್ಯಾಟರಿಯ ಸಂಬಂಧ.

4) ಹೊಗೆ ಯಂತ್ರದ ಮಾಲೀಕರಿಗೆ, ಕ್ಷಮೆ ಕೋರಿ, ಮತ್ತು ಬೆಂಕಿ ತರಬೇತಿಗೆ ಯಂತ್ರವನ್ನು ಎರವಲು ಕೋರಿ.

5) ಮೇಲಧಿಕಾರಿಗಳಿಗೆ, ಅವರು ಎಂದಿನಂತೆ ಓದುವುದಿಲ್ಲವೆಂಬ ಭರವಸೆಯೊಂದಿಗೆ.

6) ಸಹಿದಾರರ ಪತ್ನಿಯವರಿಗೆ, ಮಾಹಿತಿಗಾಗಿ. ಕಂಡಿಕೆ 10ರಿಂದ ಮುಂದಕ್ಕೂ ಓದಲು ವಿನಂತಿಸಿ.

7) ರಕ್ಷಾ ಕಡತಕ್ಕೆ, ತೂತು ಹೊಡೆಯದೆ.

8) ಸಹಿದಾರರ ಮಗಳಿಗೆ, ಚೀಟಿಯ ಸಮೇತ, ಮುದ್ದಾಂ. ಟಪಾಲಿನಲ್ಲಿ ಕಳುಹಿಸತಕ್ಕದ್ದಲ್ಲ, ಇಂದು ಸಂಜೆ ಆಕೆಯ ಕೋಣೆಯ ಬಾಗಿಲು ತಟ್ಟಿ ಸಹಿದಾರರೇ ಕೊಡುವುದು. ಷರಾ: ಶನಿವಾರ ಬಂದಾಗ ನಾನು ಇದನ್ನ ಓದಿರಲಿಲ್ಲ, ಮಗಳೇ. ಓದಿದ್ದು ಸೋಮವಾರ.